ಬಿಲ್ಲೂ ಕಟ್ಟಬೇಕು, ಬೇಹುಗಾರಿಕೆಯನ್ನೂ ಸಹಿಸಬೇಕೇ?

ಮಾನ್ಯರೇ,

ಜಾಹೀರಾತಿಗಾಗಿ ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಗಳು ಗ್ರಾಹಕರ ಜಾಡು ಹಿಡಿಯುವುದಕ್ಕೆ ನಮ್ಮ ವಿರೋಧವಿದೆ. ಬ್ರಿಟನ್ನಿನ ಇಂಟರ್‌ನೆಟ್ ಸಂಪರ್ಕ ಕಂಪನಿ ಬಿಟಿ 2006, 2007ರಲ್ಲಿ ಗ್ರಾಹಕರಿಗೆ ಹೇಳದೆಯೇ ಅವರು ನೋಡುವ ತಾಣಗಳನ್ನು ಗಮನಿಸಿ ಜಾಹೀರಾತು ತೋರಿಸುವ ‘ಫಾರ್ಮ್’ (Phorm) ಎಂಬ ಕಂಪನಿಯ ತಂತ್ರಜ್ಞಾನ ಪರೀಕ್ಷಿಸಿತ್ತು. ಜನವಿರೋಧದ ನಡುವೆ 2009ರಲ್ಲಿ ಕೈಬಿಟ್ಟಿತು.

ಬ್ರೌಸರ್‌ನಲ್ಲಿ ಬೀಗದ ಗುರುತಿದ್ದರೆ ಸಾಕೆಂಬುದು ಅರ್ಧ ಸತ್ಯ. ಆ ಗುರುತು ಸೂಚಿಸುವ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿ ವ್ಯವಸ್ಥೆ ಪುಟದ ಬರಹವನ್ನು ಮುಚ್ಚುತ್ತದೆ, ತಾಣದ ಹೆಸರನ್ನಲ್ಲ. ರಾತ್ರಿ 11ಕ್ಕೆ ಮಧುಮೇಹದ ತಾಣ ತೆರೆದದ್ದು ಕಂಪನಿಗೆ ಗೊತ್ತಾಗುತ್ತದೆ. ಆಂಡ್ರಾಯ್ಡ್ 9 ಮತ್ತು ನಂತರದ ಫೋನ್‌ಗಳ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ಗೆ ತಾಣಗಳನ್ನು ಹೆಸರಿನಿಂದ ಹುಡುಕಿಕೊಡುವ ಬೇರೆ ಸೇವೆಯ ವಿಳಾಸ ಹಾಕಿದರೆ ಒಂದು ಕಿಂಡಿ ಮುಚ್ಚೀತು, ಆದರೂ ಸಂಪರ್ಕ ಶುರುವಾಗುವಾಗ ತಾಣದ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ.

ಕಂಪನಿ ಬದಲಿಸಿ ಎನ್ನುವವರು ಕೊಡಗಿನ ತೋಟದ ಮನೆಗಳಿಗೆ ಬರಲಿ. ಎಷ್ಟೋ ಕಡೆ ಸಿಗ್ನಲ್ ಸಿಕ್ಕ ಕಂಪನಿಯೇ ಗತಿ! ಜಾಹೀರಾತಿನ ಒಪ್ಪಿಗೆಯನ್ನು ಸಂಪರ್ಕದ ಅರ್ಜಿಯೊಳಗೆ ತುರುಕದೆ, ಮೊದಲೇ ಟಿಕ್ ಹಾಕಿಡದೆ, ಪ್ರತ್ಯೇಕವಾಗಿ ಕೇಳಲಿ.

– ಕೆಲವು ಗ್ರಾಹಕರು, ಮಡಿಕೇರಿ