ಮನೆ ಗುಡ್ಡದ ಆಚೆ, ಟ್ರಾಫಿಕ್ ಈಚೆ: ಮೌಂಟನ್ ಹೌಸ್ ಸಿಟಿ ಕೌನ್ಸಿಲ್‌ಗೆ ಬಹಿರಂಗ ಪತ್ರ

ಮೌಂಟನ್ ಹೌಸ್ ಮೇಯರ್ ಮತ್ತು ಕೌನ್ಸಿಲ್ ಸದಸ್ಯರಿಗೆ ನಮಸ್ಕಾರ,

ನಾನು ಕ್ಯಾಲಿಫೋರ್ನಿಯಾದ ಲಿವರ್ಮೋರ್‌ನವಳು, ಅಂದ್ರೆ ನಿಮ್ಮೂರಿಂದ ಆಲ್ಟಮಾಂಟ್ ಗುಡ್ಡ ಹತ್ತಿ ಇಳಿದ್ರೆ ಸಿಗೋ ಮೊದಲನೇ ಊರು. ನಿಮಗೆ ವೋಟ್ ಹಾಕೋ ಹಕ್ಕು ನಮಗಿಲ್ಲ, ಆದ್ರೆ ನೀವು ಕೊಡೋ ಒಂದೊಂದು ಬಿಲ್ಡಿಂಗ್ ಪರ್ಮಿಟ್ಟೂ ನಮ್ಮ ರಸ್ತೆ ಮೇಲೆ ಬಂದು ಬೀಳತ್ತೆ, ಅದಕ್ಕೇ ಬರೀತಿದೀನಿ. ನಿಮಗೆ ಇಂಗ್ಲಿಷಲ್ಲೂ ಕಳಿಸ್ತೀನಿ, ಕನ್ನಡದಲ್ಲಿ ಹಾಕ್ತಿರೋದು ಗುಡ್ಡದ ಎರಡೂ ಕಡೆ ಇರೋ ನಮ್ಮವರು ಓದಿ ದನಿಗೂಡಿಸ್ಲಿ ಅಂತ.

1994ರಲ್ಲಿ ಸ್ಯಾನ್ ವಾಕೀನ್ ಕೌಂಟಿ ನಿಮ್ಮೂರಿನ ಪ್ಲ್ಯಾನ್ ಒಪ್ಪಿದಾಗ ಅಲ್ಲಿದ್ದದ್ದು ಹೊಲ. ಪೂರ್ತಿ ಕಟ್ಟಿದ ಮೇಲೆ ಸುಮಾರು 44,000 ಜನ ಅಂತ ಅಂದಾಜು. 2010ರ ಸೆನ್ಸಸ್‌ನಲ್ಲಿ 9,675 ಇದ್ದೋರು 2020ಕ್ಕೆ 24,499 ಆದ್ರು. ಊರಿನ ಪಶ್ಚಿಮದ ಅಂಚೇ ಕೌಂಟಿ ಗಡಿ, ಅದರಾಚೆ ನಮ್ಮ ಅಲಮೀಡಾ ಕೌಂಟಿ. ಹಾಗಾಗಿ ಪ್ರಾಪರ್ಟಿ ಟ್ಯಾಕ್ಸು, ಡೆವಲಪರ್ ಫೀಸು ಎಲ್ಲ ಹುಟ್ಟೋದು ಆ ಕಡೆ, ಕೆಲಸ ಇರೋದು ಪ್ಲೆಸೆಂಟನ್, ಫ್ರೀಮಾಂಟ್, ಸ್ಯಾನ್ ಹೊಸೆ ಅಂತ ಈ ಕಡೆ, ನಡುವೆ ನಾವು.

ಅಲ್ಲಿ ಮನೆ ತಗೊಂಡವರ ಮೇಲೆ ನನಗೆ ಒಂಚೂರೂ ಕೋಪ ಇಲ್ಲ. ಬೇ ಏರಿಯಾ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳು, ತಾವು ಮನೆ ಕಟ್ಟದೆ ಆಫೀಸು ಮಾತ್ರ ಕಟ್ಕೊಂಡಿದ್ದಕ್ಕೇ ಜನ ಗುಡ್ಡ ದಾಟಿದ್ದು, ಅದ್ರಲ್ಲಿ ನಮ್ಮ ಕನ್ನಡದವರೂ ಇದಾರೆ, ಮಕ್ಕಳು ಏಳೋಕ್ ಮುಂಚೆ ಮನೆ ಬಿಟ್ಟು ಮಕ್ಕಳು ಮಲಗೋ ಹೊತ್ತಿಗೆ ಬರೋ ಅಪ್ಪ ಅಮ್ಮಂದಿರು. ಈ ಪತ್ರ ಅವರ ಪರವಾಗೂ ಹೌದು.

ರಸ್ತೆ ಸ್ಥಿತಿ ನೋಡಿ. 205 ಹೈವೇ ಬಂದು 580 ಹೈವೇಗೆ ಸೇರೋ ಕಡೆ ನಿಮ್ಮೂರಿನ ಕಾರಷ್ಟೇ ಅಲ್ಲ, ಟ್ರೇಸಿ, ಮಂಟೀಕ, ಸ್ಟಾಕ್ಟನ್ ಕಾರುಗಳು, ಜೊತೆಗೆ ಏರು ಹತ್ತಲಾರದೆ ತೆವಳೋ ಲಾರಿಗಳು. ಅಲ್ಲಿ ಜಾಮ್ ಆದ ತಕ್ಷಣ ಫೋನ್ ಮ್ಯಾಪು ಎಲ್ಲರನ್ನೂ ಗ್ರ್ಯಾಂಟ್ ಲೈನ್ ರೋಡಿಂದ ಹಳೇ ಆಲ್ಟಮಾಂಟ್ ಪಾಸ್ ರೋಡಿಗೆ ತಿರುಗಿಸತ್ತೆ, ಇನ್ನಷ್ಟು ಜನ ಪ್ಯಾಟರ್ಸನ್ ಪಾಸ್, ಟೆಸ್ಲಾ ರೋಡ್ ಹಿಡೀತಾರೆ. ಇವೆಲ್ಲ ದನ ಮೇಯೋ ಗುಡ್ಡದ ನಡುವಿನ ಎರಡೇ ಲೇನಿನ ರಸ್ತೆಗಳು, ತಿರುವು ಜಾಸ್ತಿ, ಪಕ್ಕಕ್ಕೆ ಸರಿಯೋಕೆ ಜಾಗ ಕಡಿಮೆ, ಅದ್ರಲ್ಲೇ ಸೈಕಲ್ ಹೊಡೆಯೋರೂ ಇರ್ತಾರೆ. ಬೆಳಗ್ಗೆ ಆ ಸಾಲೆಲ್ಲ ಗ್ರೀನ್‌ವಿಲ್ ರೋಡ್ ಹತ್ರ ಬಂದು ನಿಲ್ಲತ್ತೆ. ಅಲ್ಲೆಲ್ಲೋ ಆಕ್ಸಿಡೆಂಟ್ ಆದ್ರೆ ಆಂಬ್ಯುಲೆನ್ಸ್ ಹೋಗೋದು ಎಲ್ಲಿಂದ?

ಕ್ಯಾಲಿಫೋರ್ನಿಯಾ ಕಾನೂನಲ್ಲಿ 2020ರ ಜುಲೈಯಿಂದ ಟ್ರಾಫಿಕ್ ಜಾಮನ್ನ ಪರಿಸರದ ಮೇಲಿನ ಪರಿಣಾಮ ಅಂತ ಲೆಕ್ಕ ಹಿಡಿಯಲ್ಲ, ಗಾಡಿಗಳು ಒಟ್ಟು ಎಷ್ಟು ಮೈಲಿ ಓಡ್ತವೆ ಅಂತ ನೋಡ್ತಾರೆ. ಹಾಗಾದ್ರೆ ಪಕ್ಕದ ಕೌಂಟಿಯವರ ದೂರಿಗೆ ಬೆಲೆ ಇಲ್ಲ ಅಂತಲ್ಲ, ಒಂದು ಕಡೆಗೇ 40 ಮೈಲಿ ಮೀರಿ ಹೋಗಿಬರೋ ಮನೆಗಳು ಈ ಹೊಸ ಲೆಕ್ಕದಲ್ಲೇ ಇನ್ನೂ ಕೆಟ್ಟದಾಗಿ ಕಾಣ್ತವೆ.

ನಮ್ಮ ಕಡೆಯಿಂದ ದುಡ್ಡು ಹೋಗಿಲ್ಲ ಅಂತಲ್ಲ. 2014ರಲ್ಲಿ ಮೆಷರ್ ಬಿಬಿ ಅನ್ನೋ ಮತದಾನದಲ್ಲಿ ಅಲಮೀಡಾ ಕೌಂಟಿ ಜನ ಸೇಲ್ಸ್ ಟ್ಯಾಕ್ಸ್ ಏರಿಸ್ಕೊಂಡು ಲಿವರ್ಮೋರ್‌ಗೆ ಬಾರ್ಟ್ (ಬೇ ಏರಿಯಾದ ಲೋಕಲ್ ರೈಲು) ತರೋಕೆ 40 ಕೋಟಿ ಡಾಲರ್ ಎತ್ತಿಟ್ರು, 2018ರಲ್ಲಿ ಬಾರ್ಟ್ ಬೋರ್ಡ್ ಆಗಲ್ಲ ಅಂತು. ಗುಡ್ಡ ದಾಟಿಸೋಕೆ ಅಂತ ಹುಟ್ಟಿದ ವ್ಯಾಲಿ ಲಿಂಕ್ ರೈಲು ಇನ್ನೂ ಓಡ್ತಿಲ್ಲ. 1998ರಿಂದ ಓಡ್ತಿರೋ ಏಸ್ ರೈಲಿಗೆ ನಿಮ್ಮೂರಲ್ಲಿ ಸ್ಟೇಷನ್ ಇಲ್ಲ, ಟ್ರೇಸಿಗೆ ಹೋಗಬೇಕು. ರೈಲು ಬರೋಕ್ ಮುಂಚೆನೇ ಮನೆ ಬಂದಾಯ್ತು.

2024ರ ಜುಲೈ 1ರಿಂದ ನೀವು ಸಿಟಿ, ಜಮೀನಿನ ತೀರ್ಮಾನ ಈಗ ನಿಮ್ಮ ಕೈಯಲ್ಲಿದೆ. ಹೊಸ ಸಿಟಿ ತನ್ನ ಜನರಲ್ ಪ್ಲ್ಯಾನ್ (ಎಲ್ಲಿ ಏನು ಕಟ್ಬೇಕು ಅನ್ನೋ ಊರಿನ ಮೂಲ ಯೋಜನೆ) ಮಾಡೋಕೆ ಕಾನೂನು 30 ತಿಂಗಳು ಕೊಡತ್ತೆ. ಅದ್ರಲ್ಲಿ ರಸ್ತೆ ಅಧ್ಯಾಯ ಕೌಂಟಿ ಗಡೀಲಿ ನಿಲ್ಲಬಾರ್ದು, ಗ್ರೀನ್‌ವಿಲ್ ರೋಡ್ ತನಕ ಗಾಡಿ ಎಣಿಸಿ. ಡೆವಲಪರ್ ಫೀಸಲ್ಲಿ ಎಷ್ಟು ಭಾಗ ಗುಡ್ಡದ ಈ ಕಡೆಯ ರಸ್ತೆಗೆ, ಬಸ್ಸಿಗೆ ಅಂತ ಅಲಮೀಡಾ ಕೌಂಟಿ ಜೊತೆ ಬರಹದಲ್ಲಿ ಒಪ್ಪಂದ ಮಾಡ್ಕೊಂಡು ಎಲ್ಲರಿಗೂ ಕಾಣೋ ಹಾಗೆ ಹಾಕಿ. ಟ್ರೇಸಿ ಏಸ್ ಸ್ಟೇಷನ್ನಿಗೂ ಡಬ್ಲಿನ್ ಬಾರ್ಟ್‌ಗೂ ಬೆಳಗಿನ ಬಸ್ಸು ಹೆಚ್ಚಿಸಿ. ಎಲ್ಲಕ್ಕಿಂತ ಮುಖ್ಯ, ಆಫೀಸು ಉದ್ಯಮಕ್ಕೆ ಅಂತ ಬಿಟ್ಟಿರೋ ಜಾಗವನ್ನ ಡೆವಲಪರ್ ಕೇಳಿದ ಅಂತ ಮನೆಗೆ ಬದಲಾಯಿಸಬೇಡಿ, ಊರಲ್ಲೇ ಒಂದು ಕೆಲಸ ಹುಟ್ಟಿದ್ರೆ ಗುಡ್ಡದ ಮೇಲೆ ಒಂದು ಕಾರು ಕಡಿಮೆ.

ಈ ಜನರಲ್ ಪ್ಲ್ಯಾನ್ ಮೇಲೆ ವೋಟ್ ಹಾಕೋಕ್ ಮುಂಚೆ ಲಿವರ್ಮೋರ್ ಕೌನ್ಸಿಲ್, ಅಲಮೀಡಾ ಕೌಂಟಿ ಬೋರ್ಡಿನ ಸೂಪರ್‌ವೈಸರ್‌ಗಳನ್ನ ಕೂರಿಸಿ ಒಂದು ಜಂಟಿ ಸಭೆ ಕರೀರಿ, ನಾವೂ ಬರ್ತೀವಿ. ಸಂಜೆ ಏಳೂವರೆ ಮೇಲೆ ಇಡಿ, ಅದಕ್ಕೆ ಮುಂಚೆ ಇಟ್ರೆ ನಿಮ್ಮೂರಿನ ಎಷ್ಟೋ ಜನ ಇನ್ನೂ 580 ಮೇಲೇ ಇರ್ತಾರೆ.

ಇಂತಿ,
ಲಿವರ್ಮೋರ್‌ನ ಒಬ್ಬ ಕನ್ನಡತಿ