ಕ್ಯಾಂಪಿನ ಹುಡುಗನಿಗೆ ಊರು ಯಾವುದು?

ಸಂಪಾದಕರೇ,

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿಯಿಂದ ದಿಂಬಂ ಘಾಟಿ ಇಳಿದು ಹೋದರೆ ಭವಾನಿಸಾಗರ. ಅಲ್ಲಿ ಶ್ರೀಲಂಕಾ ತಮಿಳರ ಕ್ಯಾಂಪ್ ಇದೆ. 1983ರಲ್ಲಿ ಲಂಕೆಯಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನಂತರ ಜೀವ ಉಳಿಸಿಕೊಳ್ಳಲು ಸಮುದ್ರ ದಾಟಿ ತಮಿಳುನಾಡಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಇಂಥ ಕ್ಯಾಂಪುಗಳಲ್ಲೇ ಬೆಳೆಯುತ್ತಿದ್ದಾರೆ.

ಮೊನ್ನೆ ಅಲ್ಲಿಂದ ಒಬ್ಬ ಹುಡುಗ ನಮ್ಮ ಮನೆಗೆ ಪೇಂಟ್ ಹೊಡೆಯಲು ಬಂದಿದ್ದ. ಗೋಡೆ ಉಜ್ಜುವ ಮೊದಲು ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಗುರುತಿನ ಚೀಟಿ ತೆಗೆದು, ಧೂಳು ತಾಗದ ಹಾಗೆ ಕಿಟಕಿಯ ಮೇಲಿಟ್ಟ. ಪಕ್ಕದ ಮನೆಯವರು ಬಂದು, "ಕ್ಯಾಂಪಿನವನಾ? ಹುಷಾರು" ಎಂದರು. ಅವನಿಗೆ ಕೇಳಿಸುವ ಹಾಗೇ. ಅವನು ಹುಟ್ಟಿದ್ದು ಸತ್ಯಮಂಗಲದಲ್ಲಿ, ಲಂಕೆಯನ್ನು ಕಂಡೇ ಇಲ್ಲ. ಸಂಜೆ ಕೂಲಿ ಕೊಡುವಾಗ, "ಊರಿಗೆ ವಾಪಸ್ ಹೋಗ್ತೀಯಾ?" ಎಂದು ನಾನೂ ಕೇಳಿಬಿಟ್ಟೆ. "ಯಾವ ಊರಿಗೆ ಅಣ್ಣಾ?" ಎಂದ.

2021ರಲ್ಲಿ ತಮಿಳುನಾಡು ಸರ್ಕಾರ ಈ ಕ್ಯಾಂಪುಗಳಿಗೆ ಪುನರ್ವಸತಿ ಶಿಬಿರ ಎಂದು ಹೆಸರು ಬದಲಿಸಿತು. ಒಳ್ಳೆಯದೇ. ಆದರೆ ನೆರೆಯ ಕೆಲವು ದೇಶಗಳಿಂದ ಬಂದವರಿಗೆ ಪೌರತ್ವದ ದಾರಿ ಮಾಡಿಕೊಟ್ಟ 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಓದಿದವರಲ್ಲಿ ಹೆಚ್ಚಿನವರಿಗೆ ಇನ್ನೂ ಪೌರತ್ವ ಸಿಕ್ಕಿಲ್ಲ. ಇದು ತುಂಬಾ ಅನ್ಯಾಯ.

ಕಾನೂನು ದಿಲ್ಲಿಯಲ್ಲಿ ಆಗಬೇಕು, ಸರಿ. ನಮ್ಮ ಬಾಯಿ ನಮ್ಮ ಕೈಲೇ ಇದೆ ಅಲ್ವಾ? ಆಫೀಸಿನಲ್ಲಿ ಕನ್ನಡದ ಅರ್ಜಿ ಹಿಡಿದು ನಿಂತಾಗ, "ನಿಮ್ಮದು ಆ ಕಡೆಯಾ?" ಎಂದು ಕೇಳಿಸಿಕೊಂಡ ಗಡಿಯ ಕನ್ನಡಿಗರು ನಾವು. ಆ ಮಾತು ಎಷ್ಟು ಚುಚ್ಚುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಯಾಂಪಿನವರು ಬಾಡಿಗೆ ಮನೆ ಕೇಳಿಕೊಂಡು ಬಂದರೆ ಸುಮ್ನೆ ಬಾಗಿಲು ಹಾಕಬೇಡಿ.

ಯುಗಾದಿಗೆ ಅವನ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದೇನೆ. ಪಕ್ಕದ ಮನೆಯವರನ್ನೂ ಕರೆಯುತ್ತೇನೆ.

– ಓದುಗ, ತಾಳವಾಡಿ