ಬೈಕ್ ನನ್ನದು, ಆರ್‌ಸಿ ಇನ್ಯಾರದ್ದೋ

ಮಾನ್ಯರೇ,

ಮಳೆಗಾಲಕ್ಕೆ ಮುಂಚೆ ಗೋಣಿಕೊಪ್ಪದಲ್ಲಿ ಒಂದು ಹಳೆ ಬೈಕ್ ಕೊಂಡೆ. ಕೆಎ-12 ನಂಬರ್, ಎಂಜಿನ್ ಗಟ್ಟಿ, ಏರು ರಸ್ತೆಯಲ್ಲೂ ಏದುಸಿರಿಲ್ಲ. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಸರಿಯಾಗಿ ನೋಡಿದ್ದು ದುಡ್ಡು ಕೊಟ್ಟ ಮೇಲೆ. ತಪ್ಪು ನನ್ನದೇ ಬಿಡಿ. ಮಾರಿದವರ ಹೆಸರೇ ಅದರಲ್ಲಿ ಇರಲಿಲ್ಲ! ಅವರೂ ಬೇರೆಯವರಿಂದ ತಗೊಂಡು ಸುಮ್ನೆ ಓಡಿಸುತ್ತಿದ್ದರು. ಜೊತೆಗೆ ಫೈನಾನ್ಸ್ ಸಾಲದ ನಮೂದು ಬೇರೆ. ಸಾಲ ತೀರಿದ್ದರೂ ಅದನ್ನು ತೆಗೆಸಲು ಸಾಲ ಕೊಟ್ಟವರ ಸಹಿ ಇರುವ ಫಾರಂ 35 ಬೇಕು. ಹೆಸರು ಬದಲಾಗಲು ಫಾರಂ 29, 30ಕ್ಕೆ ಮೊದಲ ಮಾಲೀಕರ ಸಹಿ ಬೇಕು. ಅವರು ಗಲ್ಫ್‌ನಲ್ಲಿದ್ದಾರಂತೆ.

ನಮ್ಮ ಕಡೆ ಇದು ಹೊಸದೇನಲ್ಲ. ತೋಟಕ್ಕೆ ಹೋಗಿ ಬರಲು ತಾನೆ ಎಂದು ಕಾಗದ ನೋಡದೆ ಗಾಡಿ ಕೈ ಬದಲಾಯಿಸುತ್ತದೆ. ಅಪಘಾತವಾದರೆ ಪರಿಹಾರದ ನೋಟಿಸ್ ಹೋಗುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಹಾಗಾಗಿ ಮಾರಿದವರಿಗೇ ಭಯ ಜಾಸ್ತಿ ಇರಬೇಕು, ಅಲ್ವಾ? ರಾಜ್ಯದೊಳಗಿನ ಮಾರಾಟವನ್ನು ಅವರು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ.

ಒಂದು ಸಹಿಗಾಗಿ ಮಡಿಕೇರಿಯ ಸಾರಿಗೆ ಕಚೇರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಇಂಥ ಬಾಕಿ ವರ್ಗಾವಣೆಗಳಿಗಾಗಿಯೇ ವಿರಾಜಪೇಟೆ, ಸೋಮವಾರಪೇಟೆಯಲ್ಲಿ ಸಾರಿಗೆ ಇಲಾಖೆ ಶಿಬಿರ ನಡೆಸಲಿ.

— ಒಬ್ಬ ಓದುಗ, ಪೊನ್ನಂಪೇಟೆ